ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಆಗುವುದಿಲ್ಲ



ಮಾರುತಿ 800 ಕಾರು 1983ರ ಡಿಸೆಂಬರ್ ತಿಂಗಳಲ್ಲಿ ರಸ್ತೆಗೆ ಬಂತು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಆದರೆ ನಮ್ಮ ಊರುಗಳಲ್ಲಿ ಆ ಕಾರು ಇನ್ನೂ ನಿಂತಿಲ್ಲ. ಎಷ್ಟೋ ಮನೆಗಳ ಅಂಗಳದಲ್ಲಿ ಅದು, ಇಲ್ಲವೇ ಅದರ ವಯಸ್ಸಿನ ಇನ್ನೊಂದು ಕಾರು, ತೆಂಗಿನ ಗರಿಯ ನೆರಳಿನಲ್ಲಿ ನಿಂತಿರುತ್ತದೆ. ಗಂಡಸರು ಗಲ್ಫಿನಲ್ಲಿರುವ ಮನೆಗಳಲ್ಲಿ ಅದನ್ನು ಓಡಿಸುವವರು ಈಗ ಹೆಚ್ಚಾಗಿ ನೀವೇ. ಮಕ್ಕಳನ್ನು ಶಾಲೆಗೆ ಬಿಡುವುದು, ಉಮ್ಮನನ್ನು ಡಾಕ್ಟರ ಬಳಿಗೆ ಕರೆದೊಯ್ಯುವುದು, ಮದುವೆ ಮನೆಗೆ ಹೋಗಿ ಕತ್ತಲಾಗುವ ಮುನ್ನ ಹಿಂದಿರುಗುವುದು ಎಲ್ಲವೂ ಆ ಕಾರಿನ ಮೇಲೆಯೇ ನಿಂತಿದೆ.

ಅಂಥ ಕಾರು ಒಂದು ದಿನ ಕೈಕೊಡುತ್ತದೆ. ಕೀ ತಿರುಗಿಸಿದರೆ ಸೆಲ್ಫ್ ಚೆನ್ನಾಗಿಯೇ ಹೊಡೆಯುತ್ತದೆ, ಎಂಜಿನ್ ತಿರುಗುವ ಸದ್ದು ಕೇಳುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ನೀವು ಗ್ಯಾರೇಜಿಗೆ ಫೋನ್ ಮಾಡಿ “ಕಾರು ಸ್ಟಾರ್ಟ್ ಆಗುತ್ತಿಲ್ಲ” ಎನ್ನುತ್ತೀರಿ. ಒಳ್ಳೆಯ ಮೆಕ್ಯಾನಿಕ್ ಆದರೆ ಬಂದು ಒಂದೊಂದಾಗಿ ಪರೀಕ್ಷಿಸುತ್ತಾನೆ. ಅಂದಾಜಿನ ಮೇಲೆ ಕೆಲಸ ಮಾಡುವವನಾದರೆ ಮೊದಲ ದಿನ ಪ್ಲಗ್ ಬದಲಿಸುತ್ತಾನೆ, ಮರುದಿನ ಕಾಯಿಲ್, ಮೂರನೆಯ ದಿನ ಪೆಟ್ರೋಲ್ ಪಂಪ್. ಕೊನೆಗೆ ಕಾರು ಸ್ಟಾರ್ಟ್ ಆಗುತ್ತದೆ. ಯಾವುದರಿಂದ ಆಯಿತೆಂದು ಅವನಿಗೂ ತಿಳಿಯದು, ನಿಮಗೂ ತಿಳಿಯದು. ಹಣ ಮಾತ್ರ ಮೂರಕ್ಕೂ ಹೋಗಿರುತ್ತದೆ.

ನೀವು ಮೆಕ್ಯಾನಿಕ್ ಆಗಬೇಕಾಗಿಲ್ಲ. ಕಾರಿಗೆ ಏನು ಸಿಗುತ್ತಿದೆ, ಏನು ಸಿಗುತ್ತಿಲ್ಲ ಎಂಬುದನ್ನು ಕ್ರಮವಾಗಿ ಗಮನಿಸಲು ತಿಳಿದಿದ್ದರೆ ಸಾಕು. ಲೆಕ್ಕ ತಪ್ಪಿದ ಮಗುವಿಗೆ ಯಾವ ಹೆಜ್ಜೆಯಲ್ಲಿ ತಪ್ಪಿತು ಎಂದು ತೋರಿಸುತ್ತೇವೆಯೇ ಹೊರತು ಪುಸ್ತಕವನ್ನೇ ಬದಲಿಸುವುದಿಲ್ಲವಲ್ಲ! ಇಲ್ಲಿ ಹೇಳುತ್ತಿರುವುದು ಪೆಟ್ರೋಲ್ ಕಾರುಗಳ ವಿಷಯ. ಡೀಸೆಲ್ ಎಂಜಿನ್ನಿನ ಕ್ರಮ ಬೇರೆ.

ಮೊದಲು ಕಿವಿಗೊಡಿ

ಕೀ ತಿರುಗಿಸಿದಾಗ ಸದ್ದೇ ಇಲ್ಲದಿದ್ದರೆ ಅಥವಾ ಬರೀ ‘ಟಕ್ ಟಕ್’ ಎಂದರೆ ಅದು ಬ್ಯಾಟರಿಯ, ಅದರ ಟರ್ಮಿನಲ್‌ನ ಅಥವಾ ಸೆಲ್ಫ್ ಮೋಟಾರಿನ ತೊಂದರೆ. ಸೆಲ್ಫ್ ಎಳೆದೆಳೆದು ನಿಧಾನವಾಗಿ ತಿರುಗಿದರೆ ಬ್ಯಾಟರಿ ಸೋತಿದೆ ಎಂದರ್ಥ. ಆಗ ಇರುವ ವಿದ್ಯುತ್ತೆಲ್ಲ ಸೆಲ್ಫಿಗೇ ಹೋಗಿ ಪ್ಲಗ್ಗಿನ ಕಿಡಿ ಸೊರಗುತ್ತದೆ. ಟರ್ಮಿನಲ್ ಮೇಲೆ ಬೆಳ್ಳಗೆ ಅಥವಾ ಹಸಿರಾಗಿ ಪುಡಿ ಕಟ್ಟಿದೆಯೇ, ಸಡಿಲವಾಗಿದೆಯೇ ನೋಡಿ.

ಸೆಲ್ಫ್ ಎಂದಿನಂತೆ ಚುರುಕಾಗಿ ಹೊಡೆಯುತ್ತಿದ್ದರೆ ಬ್ಯಾಟರಿಯನ್ನೂ ಸೆಲ್ಫನ್ನೂ ಸದ್ಯಕ್ಕೆ ಪಟ್ಟಿಯಿಂದ ತೆಗೆದುಬಿಡಿ. “ಬ್ಯಾಟರಿ ಬದಲಿಸೋಣ” ಎಂದು ಯಾರಾದರೂ ಹೇಳಿದರೆ ಏಕೆ ಎಂದು ಕೇಳಿ.

ಇನ್ನೊಂದು ಸದ್ದನ್ನು ಮಾತ್ರ ಮರೆಯಬೇಡಿ. ಎಂಜಿನ್ ಎಂದಿಗಿಂತ ಹಗುರವಾಗಿ, ವೇಗವಾಗಿ, ಏರಿಳಿತವಿಲ್ಲದೆ ‘ಜುಯ್’ ಎಂದು ತಿರುಗಿದರೆ ಟೈಮಿಂಗ್ ಬೆಲ್ಟ್ ತುಂಡಾಗಿರುವ ಸಂಭವವಿದೆ. ಆಗ ಮತ್ತೆ ಮತ್ತೆ ಸೆಲ್ಫ್ ಹೊಡೆಯಲೇಬೇಡಿ. ಕೆಲವು ಎಂಜಿನ್ನುಗಳಲ್ಲಿ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಸಣ್ಣ ರಿಪೇರಿ ದೊಡ್ಡದಾಗುತ್ತದೆ.

ಬೇಕಾದದ್ದು ಇಷ್ಟೇ

ಅಡುಗೆಮನೆಯ ಗ್ಯಾಸ್ ಒಲೆ ಹತ್ತದಿದ್ದರೆ ನೀವು ಏನು ನೋಡುತ್ತೀರಿ? ಗ್ಯಾಸ್ ಬರುತ್ತಿದೆಯೇ? ಲೈಟರ್‌ನಲ್ಲಿ ಕಿಡಿ ಬರುತ್ತಿದೆಯೇ? ಪೆಟ್ರೋಲ್ ಎಂಜಿನ್ನಿನ ಪ್ರಶ್ನೆಯೂ ಅದೇ. ಪೆಟ್ರೋಲ್ ಮತ್ತು ಗಾಳಿ ಒಳಗೆ ಬರಬೇಕು, ಅದು ಗಟ್ಟಿಯಾಗಿ ಒತ್ತಲ್ಪಡಬೇಕು, ಸರಿಯಾದ ಕ್ಷಣಕ್ಕೆ ಕಿಡಿ ಹಾರಬೇಕು. ನಿನ್ನೆ ಸಂಜೆ ಚೆನ್ನಾಗಿ ಓಡಿದ ಕಾರಿನ ಒತ್ತಡ ರಾತ್ರಿ ಕಳೆಯುವಷ್ಟರಲ್ಲಿ ಹೋಗುವುದು ಅಪರೂಪ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಪೆಟ್ರೋಲ್ ಬರುತ್ತಿಲ್ಲವೋ, ಕಿಡಿ ಬರುತ್ತಿಲ್ಲವೋ?

ಇದಕ್ಕೆ ಅರ್ಧ ಉತ್ತರ ನಿಮ್ಮ ಮೂಗಿನಲ್ಲಿದೆ. ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲೆ ಕಾರಿನ ಹಿಂದೆ ಹೋಗಿ ನಿಲ್ಲಿ. ಸೈಲೆನ್ಸರ್ ಕಡೆಯಿಂದ ಹಸಿ ಪೆಟ್ರೋಲಿನ ವಾಸನೆ ಬಂದರೆ ಪೆಟ್ರೋಲ್ ಎಂಜಿನ್ ತಲುಪಿದೆ, ಉರಿಯುತ್ತಿಲ್ಲ. ಕಿಡಿಯ ಕಡೆ ನೋಡಬೇಕು. ವಾಸನೆಯೇ ಇಲ್ಲದಿದ್ದರೆ, ಬಿಚ್ಚಿದ ಪ್ಲಗ್ ಒಣಗಿದ್ದರೆ, ಪೆಟ್ರೋಲ್ ಬರುತ್ತಿಲ್ಲ. ವಾಸನೆ ಬಾನೆಟ್ ಅಡಿಯಿಂದಲೇ ಜೋರಾಗಿ ಬಂದರೆ ಎಲ್ಲೋ ಸೋರುತ್ತಿದೆ. ಆಗ ಸೆಲ್ಫ್ ಹೊಡೆಯುವುದನ್ನು ನಿಲ್ಲಿಸಿ, ಮಕ್ಕಳನ್ನು ದೂರ ಕರೆದೊಯ್ಯಿರಿ, ಬೆಂಕಿಕಡ್ಡಿ ಗೀರಲು ಯಾರನ್ನೂ ಬಿಡಬೇಡಿ.

ಪೆಟ್ರೋಲ್ ಬರದಿದ್ದರೆ

ಹಳೆಯ ಕಾರಿನ ಪೆಟ್ರೋಲ್ ಮುಳ್ಳನ್ನು ಪೂರ್ತಿ ನಂಬಬೇಡಿ. ಟ್ಯಾಂಕಿನೊಳಗಿನ ತೇಲುಬುರುಡೆ ಸಿಕ್ಕಿಕೊಂಡರೆ ಖಾಲಿ ಟ್ಯಾಂಕ್ ಕೂಡ ಕಾಲು ಭಾಗ ತೋರಿಸುತ್ತದೆ. ಎರಡು ಲೀಟರ್ ಹಾಕಿ ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಗ್ಯಾಸ್ ಕಿಟ್ ಹಾಕಿಸಿದ ಗಾಡಿಯಾದರೆ ಸ್ವಿಚ್ ಪೆಟ್ರೋಲಿನಲ್ಲಿದೆಯೋ ಗ್ಯಾಸಿನಲ್ಲಿದೆಯೋ ನೋಡಿ. ಮಕ್ಕಳು ಆಡುತ್ತಾ ಅದನ್ನು ಒತ್ತಿರುತ್ತಾರೆ.

ಮುಂದೆ ನಿಮ್ಮ ಕಾರು ಯಾವ ಬಗೆಯದೆಂದು ತಿಳಿದಿರಬೇಕು. ಹಳೆಯ ಮಾರುತಿ 800ಗಳಲ್ಲಿ ಕಾರ್ಬೊರೇಟರ್ ಇತ್ತು. 2000ದ ಆಸುಪಾಸಿನಲ್ಲಿ ಎಂಪಿಎಫ್‌ಐ ಬಂತು. ಎಂಪಿಎಫ್‌ಐ ಎಂದರೆ ಕಂಪ್ಯೂಟರ್ ಲೆಕ್ಕಹಾಕಿ ಪೆಟ್ರೋಲನ್ನು ಸಿಂಪಡಿಸುವ ವ್ಯವಸ್ಥೆ.

ಎಂಪಿಎಫ್‌ಐ ಕಾರಿನಲ್ಲಿ ಪಂಪ್ ಸಾಮಾನ್ಯವಾಗಿ ಟ್ಯಾಂಕಿನೊಳಗಿರುತ್ತದೆ, ವಿದ್ಯುತ್ತಿನಿಂದ ನಡೆಯುತ್ತದೆ. ಫ್ಯಾನ್, ರೇಡಿಯೊ ನಿಲ್ಲಿಸಿ, ಕೀಯನ್ನು ಸೆಲ್ಫ್ ಹೊಡೆಯುವ ತನಕ ಒಯ್ಯದೆ ಆನ್ ಮಾತ್ರ ಮಾಡಿ. ಹಿಂದಿನ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡು ‘ಗುಯ್’ ಎಂಬ ಸಣ್ಣ ಸದ್ದು ಕೇಳಬೇಕು. ಕೇಳದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ, ಆಮೇಲೆ ವೈರು, ಕೊನೆಗೆ ಪಂಪ್ ನೋಡಬೇಕು. ಫ್ಯೂಸಿಗೂ ಪಂಪಿಗೂ ಬೆಲೆಯಲ್ಲಿ ಎಷ್ಟು ಅಂತರವೆಂದು ನೆನೆದರೆ ಈ ಕ್ರಮ ಏಕೆಂದು ತಿಳಿಯುತ್ತದೆ. ಅದೇ ಹೊತ್ತಿಗೆ ಮುಂದಿನ ಡಯಲ್‌ನಲ್ಲಿ ಎಂಜಿನ್ ಚಿತ್ರದ ದೀಪ ಹತ್ತಬೇಕು. ಹತ್ತದಿದ್ದರೆ ಕಂಪ್ಯೂಟರಿಗೇ ವಿದ್ಯುತ್ ಹೋಗುತ್ತಿಲ್ಲದಿರಬಹುದು. ಚಿಪ್ ಇರುವ ಕೀಯ ಗಾಡಿಗಳಲ್ಲಿ ಬೀಗದ ಅಥವಾ ಕೀಯ ಚಿತ್ರ ಮಿನುಗುತ್ತಿದ್ದರೆ ಕಾರು ಆ ಕೀಯನ್ನು ಗುರುತಿಸಿಲ್ಲ. ಕಪಾಟಿನಲ್ಲಿಟ್ಟ ಇನ್ನೊಂದು ಕೀಯಿಂದ ಪ್ರಯತ್ನಿಸಿ.

ಕಾರ್ಬೊರೇಟರ್ ಗಾಡಿಯಲ್ಲಿ ಪಂಪನ್ನು ಎಂಜಿನ್ನೇ ನಡೆಸುತ್ತದೆ. ಅದರೊಳಗಿನ ತೆಳು ರಬ್ಬರ್ ಪೊರೆ ಹರಿದರೆ, ಫಿಲ್ಟರ್ ಕಟ್ಟಿಕೊಂಡರೆ, ಕಾರ್ಬೊರೇಟರಿನಲ್ಲಿ ಕಸ ಕೂತರೆ ಪೆಟ್ರೋಲ್ ನಿಲ್ಲುತ್ತದೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಓಡಿ ನಿಂತ ಕಾರು ಮತ್ತೆ ಸ್ಟಾರ್ಟ್ ಆಗದಿದ್ದರೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟಿರಬಹುದು. ಬಾನೆಟ್ ತೆರೆದಿಟ್ಟು ಅರ್ಧ ಗಂಟೆ ಕಾಯಿರಿ. ಯಾವ ಪಾರ್ಟನ್ನೂ ಬದಲಿಸಬೇಕಾಗಿಲ್ಲ.

ಯಜಮಾನರು ರಜೆಗೆ ಬಂದಾಗ ಮಾತ್ರ ಹೊರಡುವ ಕಾರುಗಳ ಕಥೆ ಬೇರೆ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಕೆಡುತ್ತದೆ. ಈಗಿನ ಪೆಟ್ರೋಲಿಗೆ ಎಥೆನಾಲ್ ಬೆರೆಸುತ್ತಾರೆ. 2025ರಲ್ಲಿ ಅದರ ಪ್ರಮಾಣ ಶೇ. 20ಕ್ಕೆ ಮುಟ್ಟಿತು. ಎಥೆನಾಲ್ ತೇವವನ್ನು ಹೀರುತ್ತದೆ. ಹಳೆಯ ಗಾಡಿಗಳ ರಬ್ಬರ್ ಪೈಪುಗಳನ್ನು ಇಂಥ ಮಿಶ್ರಣವನ್ನು ಮನಸ್ಸಿನಲ್ಲಿಟ್ಟು ಮಾಡಿರಲಿಲ್ಲ. ಪೈಪ್ ಬಿರಿದಿದೆಯೇ, ಮೆತ್ತಗಾಗಿದೆಯೇ ಎಂದು ವರ್ಷಕ್ಕೊಮ್ಮೆ ನೋಡಿಸಿ. ನಿಂತ ಕಾರಿನ ಇನ್ನೊಬ್ಬ ಶತ್ರು ಇಲಿ. ಬಾನೆಟ್ ಅಡಿಯಲ್ಲಿ ಹಿಕ್ಕೆ, ಕಡಿದ ವೈರು ಕಂಡರೆ ಮೆಕ್ಯಾನಿಕ್ ಬರುವ ಮೊದಲೇ ರೋಗ ಸಿಕ್ಕಿತೆಂದು ತಿಳಿಯಿರಿ.

ಕಿಡಿ ಬರದಿದ್ದರೆ

ನಮ್ಮ ಕರಾವಳಿಯ ಮಳೆಗಾಲದಲ್ಲಿ ಇದು ಪದೇಪದೇ ಆಗುವ ತೊಂದರೆ. ಮೆಕ್ಯಾನಿಕ್‌ಗಳು ‘ಡೆಲ್ಕೊ’ ಎಂದು ಕರೆಯುವ ಡಿಸ್ಟ್ರಿಬ್ಯೂಟರ್ ಹಳೆಯ ಎಂಜಿನ್ನುಗಳಲ್ಲಿ ಕಿಡಿಯನ್ನು ಒಂದೊಂದು ಸಿಲಿಂಡರಿಗೆ ಹಂಚುತ್ತದೆ. ಅದರ ಮುಚ್ಚಳದಲ್ಲಿ ತೇವ ಕೂತರೆ, ಕೂದಲೆಳೆಯಷ್ಟು ಬಿರುಕು ಬಿದ್ದರೆ, ವಿದ್ಯುತ್ ಪ್ಲಗ್ ತಲುಪುವ ಮೊದಲೇ ದಾರಿ ತಪ್ಪುತ್ತದೆ. ಕೀ ತೆಗೆದಿಟ್ಟು ಮುಚ್ಚಳವನ್ನೂ ಪ್ಲಗ್ ವೈರುಗಳನ್ನೂ ಒಣ ಬಟ್ಟೆಯಿಂದ ಒರೆಸಿದರೆ ಎಷ್ಟೋ ಗಾಡಿಗಳು ಸ್ಟಾರ್ಟ್ ಆಗುತ್ತವೆ. ತುಂಬ ಹಳೆಯ ಗಾಡಿಯಾದರೆ ಡೆಲ್ಕೊದೊಳಗಿನ ಪಾಯಿಂಟ್ ಕರಟಿರಬಹುದು, ಕಂಡೆನ್ಸರ್ ಹೋಗಿರಬಹುದು.

ಕಿಡಿ ಇದೆಯೋ ಇಲ್ಲವೋ ನೋಡಲು ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಸೆಲ್ಫ್ ಹೊಡೆಸುತ್ತಾರೆ. ಗಟ್ಟಿಯಾದ ನೀಲಿ ಕಿಡಿ ಹಾರಿದರೆ ಸರಿ. ಇದನ್ನು ನೀವು ಮಾಡಬೇಡಿ. ಅಲ್ಲಿ ಹರಿಯುವುದು ಸಾವಿರಾರು ವೋಲ್ಟ್, ಪಕ್ಕದಲ್ಲೇ ಪೆಟ್ರೋಲಿನ ಆವಿ. ಆದರೆ “ಕಿಡಿ ಬರುತ್ತಿಲ್ಲ” ಎಂದು ಮೆಕ್ಯಾನಿಕ್ ಹೇಳಿದರೆ “ಒಮ್ಮೆ ತೋರಿಸಿ” ಎನ್ನುವುದು ನಿಮ್ಮ ಹಕ್ಕು.

ಬಿಸಿಯಾದಾಗ ನಿಂತುಹೋಗಿ, ತಣಿದ ಮೇಲೆ ತಾನೇ ಸ್ಟಾರ್ಟ್ ಆಗುವ ಎಂಪಿಎಫ್‌ಐ ಕಾರಿನಲ್ಲಿ ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಸೆನ್ಸರ್ ಮೇಲೆ ಅನುಮಾನ ಪಡಬೇಕು. ಗ್ಯಾರೇಜ್ ತಲುಪುವಷ್ಟರಲ್ಲಿ ತೊಂದರೆ ಮಾಯವಾಗುವ ಕಾರಣ “ಬಿಸಿಯಾದಾಗ ಮಾತ್ರ” ಎಂಬ ನಿಮ್ಮ ಮಾತೇ ಅಲ್ಲಿ ದೊಡ್ಡ ಸುಳಿವು.

ಮಾಡಬಾರದ ಎರಡು ಕೆಲಸ

ಗಾಬರಿಯಲ್ಲಿ ಆಕ್ಸಿಲರೇಟರನ್ನು ಮತ್ತೆ ಮತ್ತೆ ತುಳಿಯುವುದು ಒಂದು. ಕಾರ್ಬೊರೇಟರ್ ಗಾಡಿಯಲ್ಲಿ ಪ್ರತಿ ತುಳಿತಕ್ಕೂ ಪೆಟ್ರೋಲ್ ಒಳಗೆ ಚಿಮ್ಮಿ ಪ್ಲಗ್ ತೊಯ್ಯುತ್ತದೆ. ಹಾಗೇನಾದರೂ ಆಗಿದ್ದರೆ ಚೋಕನ್ನು ಒಳಗೆ ತಳ್ಳಿ, ಹತ್ತು ನಿಮಿಷ ಬಿಟ್ಟು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದುಕೊಂಡೇ ಸೆಲ್ಫ್ ಹೊಡೆಯಿರಿ. ಹೆಚ್ಚಿನ ಗಾಳಿ ಹೋಗಿ ಪ್ಲಗ್ ಒಣಗುತ್ತದೆ. ಎಂಜಿನ್ ಹಿಡಿದ ಕೂಡಲೇ ಕಾಲು ತೆಗೆಯಿರಿ. ಹಲವು ಎಂಪಿಎಫ್‌ಐ ಗಾಡಿಗಳಿಗೂ ಪೂರ್ತಿ ಒತ್ತಿ ಹಿಡಿಯುವ ಈ ಕ್ರಮ ಹೊಂದುತ್ತದೆ.

ಬಿಡದೆ ಸೆಲ್ಫ್ ಹೊಡೆಯುವುದು ಇನ್ನೊಂದು. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಒಂದು ನಿಮಿಷ ಬಿಡಿ. ಇಲ್ಲದಿದ್ದರೆ ಇರುವ ತೊಂದರೆಯ ಜೊತೆಗೆ ಬ್ಯಾಟರಿಯೂ ಇಳಿದು, ಸೆಲ್ಫ್ ಮೋಟಾರೂ ಕಾದು ಖರ್ಚು ಎರಡಾಗುತ್ತದೆ.

ಗ್ಯಾರೇಜಿಗೆ ಹೀಗೆ ಹೇಳಿ

ಇನ್ನು ಮುಂದೆ “ಸ್ಟಾರ್ಟ್ ಆಗುತ್ತಿಲ್ಲ” ಎಂದಷ್ಟೇ ಹೇಳಬೇಡಿ. “ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ. ಪೆಟ್ರೋಲ್ ಇದೆ. ಕೀ ಆನ್ ಮಾಡಿದಾಗ ಪಂಪಿನ ಸದ್ದು ಬರುವುದಿಲ್ಲ. ನಿನ್ನೆ ಸಂಜೆಯವರೆಗೆ ಸರಿಯಿತ್ತು” ಎಂದು ಹೇಳಿ. ಈ ನಾಲ್ಕು ಮಾತು ಕೇಳಿದ ಮೆಕ್ಯಾನಿಕ್ ಯಾವ ಉಪಕರಣ ತರಬೇಕೆಂದು ಹೊರಡುವ ಮೊದಲೇ ತಿಳಿಯುತ್ತಾನೆ. ಎದುರಿಗಿರುವ ಹೆಂಗಸಿಗೆ ಏನೂ ಗೊತ್ತಾಗುವುದಿಲ್ಲ ಎಂದುಕೊಳ್ಳುವವನೂ ಎಚ್ಚರಗೊಳ್ಳುತ್ತಾನೆ. ಪಾರ್ಟ್ ಬದಲಿಸುವ ಮುನ್ನ “ಇದೇ ಕೆಟ್ಟಿದೆ ಎಂದು ಹೇಗೆ ತಿಳಿಯಿತು?” ಎಂದು ವಿನಯದಿಂದಲೇ ಕೇಳಿ. ಬದಲಿಸಿದ ಮೇಲೆ ಹಳೆಯ ಪಾರ್ಟನ್ನು ಕೇಳಿ ಪಡೆಯಿರಿ. ಪ್ರಾಮಾಣಿಕ ಕೆಲಸಗಾರನಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ.

ದಾರಿಯಲ್ಲಿ ಕಾರು ನಿಂತರೆ ರೋಗ ಹುಡುಕುವುದು ಆಮೇಲಿನ ಮಾತು. ನಾಲ್ಕೂ ಇಂಡಿಕೇಟರ್ ಹಾಕಿ, ಮಕ್ಕಳನ್ನು ರಸ್ತೆಯಿಂದ ದೂರ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯಾದರೆ 1033, ಅಪಾಯವೆನಿಸಿದರೆ 112 ಸಂಖ್ಯೆಗೆ ಕರೆ ಮಾಡಿ. ಮಗ್ರಿಬ್‌ನ ಹೊತ್ತಿಗೆ ಗಲ್ಫಿಗೆ ಫೋನ್ ಮಾಡಿದರೆ ಅವರಿಗೆ ಚಿಂತೆ ಹೆಚ್ಚುತ್ತದೆಯೇ ಹೊರತು ಕಾರು ಸ್ಟಾರ್ಟ್ ಆಗುವುದಿಲ್ಲ.

ಈ ವಾರ ಬಿಡುವಾದಾಗ, ಕಾರು ಚೆನ್ನಾಗಿರುವಾಗಲೇ, ಒಮ್ಮೆ ಹೋಗಿ ಕೂತು ಕೀಯನ್ನು ಆನ್ ಮಾತ್ರ ಮಾಡಿ. ಯಾವ ದೀಪಗಳು ಹತ್ತುತ್ತವೆ, ಪಂಪಿನ ಸದ್ದು ಹೇಗಿದೆ, ಸೆಲ್ಫ್ ಎಷ್ಟು ಹೊತ್ತಿಗೆ ಎಂಜಿನ್ನನ್ನು ಎಬ್ಬಿಸುತ್ತದೆ ಎಂದು ಗಮನಿಸಿ. ಆರೋಗ್ಯವಾಗಿದ್ದಾಗಿನ ಸದ್ದನ್ನು ಬಲ್ಲವರಿಗೆ ಮಾತ್ರ ಕಾಯಿಲೆಯ ಸದ್ದು ತಿಳಿಯುತ್ತದೆ.