ಗಣಕಯಂತ್ರದಲ್ಲಿ ಅಡಗಿದ ಗೂಢಚಾರ



ಮುಂಡರಗಿಯ ಗೃಹಸ್ಥರೊಬ್ಬರು ಬರೆದ ಪತ್ರ ನಮ್ಮ ಮುಂದಿದೆ. ಅವರ ಮನೆಯ ಗಣಕಯಂತ್ರ ಎರಡು ತಿಂಗಳಿಂದ ಬಹಳ ನಿಧಾನವಾಗಿದೆಯಂತೆ. ಅಂತರ್ಜಾಲ ತೆರೆದರೆ ತಾವು ಬಯಸಿದ ಪುಟ ಬಾರದೆ ಮತ್ತಾವುದೋ ಪುಟ ಬಂದು ನಿಲ್ಲುತ್ತದೆ. ಒಂದು ಜಾಹೀರಾತನ್ನು ಮುಚ್ಚಿದರೆ ಎರಡು ತೆರೆದುಕೊಳ್ಳುತ್ತವೆ. “ಒಳಗೆ ಏನೋ ಹೊಕ್ಕಿದೆ ಎನ್ನುತ್ತಾರೆ. ಯಂತ್ರವನ್ನು ಹೊತ್ತುಕೊಂಡು ಗದುಗಿಗೆ ಹೋಗಬೇಕೆ, ಮನೆಯಲ್ಲಿಯೇ ತೆಗೆಯಲು ಬಂದೀತೆ?” ಎಂದು ಕೇಳಿದ್ದಾರೆ. ಇದೇ ಅರ್ಥದ ಪ್ರಶ್ನೆಗಳು ಶಿರಹಟ್ಟಿ, ಲಕ್ಷ್ಮೇಶ್ವರಗಳಿಂದಲೂ ಬಂದಿವೆ. ಆದಕಾರಣ ಈ ತಿಂಗಳ ಅಂಕಣವನ್ನು ಈ ವಿಷಯಕ್ಕೇ ಮೀಸಲಿಡುತ್ತಿದ್ದೇವೆ.

ಇದು ಯಂತ್ರದ ಮಾತು, ನಮಗೇಕೆ ಎಂದು ಹಿರಿಯರು ಪುಟ ಮಗುಚಬಾರದು. ಹಿಂದೆ ಮನೆಯ ಕಾಗದಪತ್ರ, ಒಡವೆ, ರೊಕ್ಕಗಳೆಲ್ಲ ಒಂದು ಪೆಟ್ಟಿಗೆಯಲ್ಲಿದ್ದು, ಅದರ ಬೀಗದ ಕೈ ಅಜ್ಜಿಯ ಸೆರಗಿನ ತುದಿಯಲ್ಲಿರುತ್ತಿತ್ತು. ಇಂದು ಆ ಪೆಟ್ಟಿಗೆಯ ಸ್ಥಾನದಲ್ಲಿ ಗಣಕಯಂತ್ರ ಬಂದು ಕುಳಿತಿದೆ. 2000ದಲ್ಲಿ ‘ಭೂಮಿ’ ಯೋಜನೆ ಬಂದಂದಿನಿಂದ ಹೊಲದ ಉತಾರ ಗಣಕದ ಪಾಲಾಯಿತು. ಬ್ಯಾಂಕಿನ ವ್ಯವಹಾರ, ಮಕ್ಕಳ ಅಂಕಪಟ್ಟಿ, ಬೆಟಗೇರಿಯ ನೇಕಾರರ ಲೆಕ್ಕಪತ್ರ, ಹೆಣ್ಣುಮಕ್ಕಳ ಭಾವಚಿತ್ರ, ಎಲ್ಲವೂ ಅಲ್ಲಿಯೇ ಇವೆ. ಬೀಗದ ಕೈಯ ಬದಲು ಪಾಸ್‌ವರ್ಡ್ ಎಂಬ ನಾಲ್ಕಾರು ಅಕ್ಷರಗಳಿವೆ. ಸೆರಗಿನ ಬೀಗದ ಕೈಯನ್ನು ಕದ್ದರೆ ಸಂಜೆಯೊಳಗೆ ಗೊತ್ತಾಗುತ್ತಿತ್ತು. ಈ ಅಕ್ಷರಗಳು ಕಳುವಾದರೆ ಅವು ಇದ್ದಲ್ಲಿಯೇ ಇರುತ್ತವೆ. ಕಳ್ಳನ ಬಳಿಯೂ ಇರುತ್ತವೆ.

ಈ ಕಳ್ಳತನಕ್ಕೆಂದೇ ಸಿದ್ಧಗೊಂಡ ತಂತ್ರಾಂಶವನ್ನು ಸ್ಪೈವೇರ್ ಎನ್ನುತ್ತಾರೆ. ಗೂಢಚಾರ ತಂತ್ರಾಂಶವೆಂದು ನಾವು ಕರೆಯಬಹುದು. ಒಡೆಯನ ಅರಿವಿಗೆ ಬಾರದಂತೆ ಯಂತ್ರದಲ್ಲಿ ನೆಲಸಿ, ಒಳಗಿನ ಸುದ್ದಿಯನ್ನು ಹೊರಗೆ ಸಾಗಿಸುವುದೇ ಅದರ ಕಾಯಕ. ಕೆಲವು ನಾವು ಯಾವ ತಾಣಗಳಿಗೆ ಹೋಗುತ್ತೇವೆಂಬುದನ್ನು ಜಾಹೀರಾತುದಾರರಿಗೆ ಮಾರುತ್ತವೆ. ಕೆಲವು ಕೀಲಿಮಣೆಯ ಮೇಲೆ ಒತ್ತಿದ ಒಂದೊಂದು ಅಕ್ಷರವನ್ನೂ ಬರೆದುಕೊಳ್ಳುತ್ತವೆ. ಮತ್ತೆ ಕೆಲವು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನೆಲ್ಲ ಒಮ್ಮೆಲೇ ಬಾಚಿಕೊಂಡು ಹೋಗುತ್ತವೆ. ಪತ್ರ ಬರೆದವರು ಹೇಳಿದಂತೆ ಜಾಹೀರಾತಿನ ಕಾಟ ಕೊಡುವಂಥವು ಒಂದರ್ಥದಲ್ಲಿ ಸಜ್ಜನರು. ತಾವು ಬಂದಿರುವುದನ್ನಾದರೂ ತಿಳಿಸುತ್ತವೆ. ಹೆಚ್ಚು ಅಪಾಯಕಾರಿಯಾದವು ಸದ್ದು ಮಾಡುವುದಿಲ್ಲ.

ಇವು ಒಳಗೆ ಬರುವ ಬಗೆಯನ್ನು ವಿಚಾರಿಸಿದರೆ ಒಂದು ಕಹಿ ಸತ್ಯ ಹೊರಬೀಳುತ್ತದೆ. ಬಹುಪಾಲು ಇವು ಗೋಡೆಗೆ ಕನ್ನ ಹಾಕಿ ಬರುವುದಿಲ್ಲ. ಬಾಗಿಲು ತೆರೆದು ಕರೆದುಕೊಳ್ಳುವವರು ನಾವೇ. ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶವನ್ನು ಬೀಗ ಮುರಿದು ‘ಕ್ರ್ಯಾಕ್’ ಎಂಬ ಹೆಸರಿನಲ್ಲಿ ಪುಕ್ಕಟೆಯಾಗಿ ಹಂಚುತ್ತಾರೆ. ಹುಡುಗರು ಆಟವನ್ನೋ ಚಲನಚಿತ್ರವನ್ನೋ ಇದೇ ರೀತಿ ಇಳಿಸಿಕೊಳ್ಳುತ್ತಾರೆ. ಬೀಗ ಮುರಿಯುವವನು ನಮ್ಮ ಮನೆಗೆ ಬೀಗ ಮುರಿಯದೆ ಬರುವನೆಂದು ನಂಬುವುದು ಹೇಗೆ? ಕನ್ನಡದ ‘ನುಡಿ’ ತಂತ್ರಾಂಶವನ್ನೂ ಅಕ್ಷರಶೈಲಿಗಳನ್ನೂ ಸಿಕ್ಕ ಸಿಕ್ಕ ತಾಣಗಳಿಂದ ಇಳಿಸಿಕೊಳ್ಳುವವರಿದ್ದಾರೆ. ಅದನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತಿನ ತಾಣವಿರುವಾಗ ಅಡ್ಡದಾರಿಯ ಅಗತ್ಯವೇನು? ಇನ್ನು ಗದಗ ಮುದ್ರಣಕಾಶಿಯೆಂದು ಹೆಸರಾದ ಊರು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರಗಳಿಗಾಗಿ ಸುತ್ತಲಿನ ಊರುಗಳ ಪೆನ್‌ಡ್ರೈವುಗಳು ಅಲ್ಲಿಗೆ ಹೋಗಿ ಬರುತ್ತವೆ. ಹತ್ತು ಯಂತ್ರಗಳನ್ನು ಕಂಡು ಬಂದ ಪೆನ್‌ಡ್ರೈವನ್ನು ಮನೆಯಲ್ಲಿ ಪರೀಕ್ಷೆ ಮಾಡಿಸದೆ ತೆರೆಯಬಾರದು.

ಮತ್ತೊಂದು ದಾರಿ ಬ್ರೌಸರಿಗೆ ಅಂಟಿಸುವ ಎಕ್ಸ್‌ಟೆನ್ಶನ್ ಎಂಬ ಪುಟ್ಟ ಜೋಡಣೆಗಳದು. ‘ದಿ ಗ್ರೇಟ್ ಸಸ್ಪೆಂಡರ್’ ಎಂಬ ಜೋಡಣೆಯನ್ನು ಲಕ್ಷಾಂತರ ಜನ ವರ್ಷಗಟ್ಟಲೆ ನೆಮ್ಮದಿಯಿಂದ ಬಳಸಿದ್ದರು. 2020ರಲ್ಲಿ ಮೂಲ ಕರ್ತೃ ಅದನ್ನು ಅಪರಿಚಿತರಿಗೆ ಮಾರಿದನು; 2021ರ ಫೆಬ್ರುವರಿಯಲ್ಲಿ ಅದರಲ್ಲಿ ಕೇಡಿನ ಅಂಶವಿದೆಯೆಂದು ಗೂಗಲ್ ಅದನ್ನು ತೆಗೆದುಹಾಕಿತು. ಅಂದರೆ ನಿನ್ನೆ ಒಳ್ಳೆಯದಿದ್ದದ್ದು ಇಂದು ಕೈ ಬದಲಾಗಿ ಕೆಡಬಹುದು. ಬೇಲಿಯೇ ಎದ್ದು ಹೊಲ ಮೇಯ್ದ ಉದಾಹರಣೆಯೂ ಉಂಟು. ವೈರಸ್ ತಡೆಯುವ ತಂತ್ರಾಂಶಕ್ಕೆ ಹೆಸರಾದ ಅವಾಸ್ಟ್ ಸಂಸ್ಥೆ, ತನ್ನ ಅಂಗಸಂಸ್ಥೆಯ ಮೂಲಕ ಬಳಕೆದಾರರ ಜಾಲಸಂಚಾರದ ವಿವರಗಳನ್ನು ಮಾರಿದ್ದಕ್ಕಾಗಿ 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ 1.65 ಕೋಟಿ ಡಾಲರ್ ತೆರುವಂತೆ ಮಾಡಿತು. ಆದುದರಿಂದ ರಕ್ಷಕನೆಂದು ಬಂದವರೆಲ್ಲರನ್ನೂ ಒಳಗೆ ಬಿಟ್ಟುಕೊಳ್ಳಲಾಗದು.

ಇನ್ನು ತೆಗೆಯುವ ವಿಧಾನ. ಇಲ್ಲಿ ಕ್ರಮವೇ ಮುಖ್ಯ. ಅನುಮಾನ ಬಂದೊಡನೆ ಅನೇಕರು ಅದೇ ಯಂತ್ರದ ಮುಂದೆ ಕುಳಿತು ಪಾಸ್‌ವರ್ಡ್ ಬದಲಿಸುತ್ತಾರೆ. ಕೀಲಿಮಣೆಯನ್ನು ಕಾಯುತ್ತಿರುವ ಗೂಢಚಾರನ ಎದುರಿಗೇ ಹೊಸ ಬೀಗದ ಕೈಯನ್ನು ಎಣಿಸಿ ತೋರಿಸಿದಂತಾಯಿತು.

ಮೊದಲನೆಯದಾಗಿ, ಅಂತರ್ಜಾಲದ ಸಂಪರ್ಕವನ್ನು ಕಡಿಯಬೇಕು. ತಂತಿಯಿದ್ದರೆ ಕೀಳಬೇಕು, ವೈಫೈ ಇದ್ದರೆ ಆರಿಸಬೇಕು. ಒಳಗಿನವನು ಹೊರಗಿನವನಿಗೆ ಸುದ್ದಿ ಕಳಿಸುವುದು ಆಗಲೇ ನಿಲ್ಲುತ್ತದೆ.

ಎರಡನೆಯದಾಗಿ, ಸೋಂಕಿಲ್ಲದ ಬೇರೊಂದು ಯಂತ್ರದಿಂದ ಅಥವಾ ಫೋನಿನಿಂದ ಪಾಸ್‌ವರ್ಡ್ ಬದಲಿಸಬೇಕು. ಇ-ಮೇಲ್ ಮೊದಲು, ಬ್ಯಾಂಕು ಅನಂತರ. ಏಕೆಂದರೆ ಉಳಿದ ಎಷ್ಟೋ ಖಾತೆಗಳ ಬೀಗ ತೆರೆಯುವುದು ಇ-ಮೇಲ್ ಮೂಲಕವೇ. ಹಾಗೆ ಮಾಡುವಾಗ ಎಲ್ಲ ಸಾಧನಗಳಿಂದಲೂ ‘ಸೈನ್ ಔಟ್’ ಮಾಡಿಸುವುದನ್ನು ಮರೆಯಬಾರದು.

ಮೂರನೆಯದಾಗಿ, ಪರೀಕ್ಷೆ. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ರಕ್ಷಕ ಮೊದಲಿನಿಂದಲೇ ಇರುತ್ತಾನೆ. ‘ವಿಂಡೋಸ್ ಸೆಕ್ಯುರಿಟಿ’ಯನ್ನು ತೆರೆದು, ‘ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್’ನಲ್ಲಿ ‘ಸ್ಕ್ಯಾನ್ ಆಪ್ಷನ್ಸ್’ ಒತ್ತಿದರೆ ‘ಆಫ್‌ಲೈನ್ ಸ್ಕ್ಯಾನ್’ ಎಂಬುದು ಸಿಗುತ್ತದೆ. ಇದು ಯಂತ್ರವನ್ನು ಆರಿಸಿ, ಅಡಗಿದವನು ಏಳುವ ಮೊದಲೇ ಹುಡುಕುತ್ತದೆ. ಸುಮಾರು 15 ನಿಮಿಷ ಸಾಕು. ಬಳಿಕ ‘ಫುಲ್ ಸ್ಕ್ಯಾನ್’ ಮಾಡಬೇಕು. ಅದಕ್ಕೆ ಕೆಲವು ಗಂಟೆಗಳೇ ಹಿಡಿಯಬಹುದು. ಕೇಂದ್ರ ಸರ್ಕಾರವು 2017ರ ಫೆಬ್ರುವರಿ 21ರಂದು ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ದ ತಾಣದಲ್ಲಿಯೂ ಇಂಥ ಶುದ್ಧೀಕರಣದ ಸಾಧನಗಳು ಉಚಿತವಾಗಿ ದೊರೆಯುತ್ತವೆ.

ನಾಲ್ಕನೆಯದಾಗಿ, ಬ್ರೌಸರಿನ ಜೋಡಣೆಗಳ ಪಟ್ಟಿಯನ್ನೂ, ಯಂತ್ರದಲ್ಲಿರುವ ತಂತ್ರಾಂಶಗಳ ಪಟ್ಟಿಯನ್ನೂ ತೆರೆದು ಒಂದೊಂದಾಗಿ ಓದಬೇಕು. ಯಾರು ಹಾಕಿದರೆಂದು ಮನೆಯಲ್ಲಿ ಯಾರೂ ಹೇಳಲಾರದ್ದನ್ನು ತೆಗೆದುಹಾಕಬೇಕು. ಬ್ರೌಸರಿನ ಸೆಟ್ಟಿಂಗನ್ನು ಮೂಲಸ್ಥಿತಿಗೆ ತರಬೇಕು.

ಇಷ್ಟಾದರೂ ಕಾಟ ತಪ್ಪದಿದ್ದರೆ, ಅಥವಾ ಆ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ನಡೆಯುತ್ತಿದ್ದು ಮನಸ್ಸಿಗೆ ಸಮಾಧಾನವಿಲ್ಲದಿದ್ದರೆ, ಚಿತ್ರಗಳನ್ನೂ ದಾಖಲೆಗಳನ್ನೂ ಮಾತ್ರ ಬೇರೆಡೆ ತೆಗೆದಿರಿಸಿ, ವಿಂಡೋಸನ್ನು ಪೂರ್ಣ ಅಳಿಸಿ ಹೊಸದಾಗಿ ಹಾಕಿಸುವುದೇ ನಿಶ್ಚಿತವಾದ ಮಾರ್ಗ. ಮುಂಡರಗಿಯ ಬಂಧುಗಳು ಯಂತ್ರವನ್ನು ಗದುಗಿಗೆ ಒಯ್ಯಬೇಕಾದದ್ದು ಈ ಹಂತದಲ್ಲಿ ಮಾತ್ರ. ಅದೂ ಮನೆಯಲ್ಲಿ ಮಾಡಬಲ್ಲವರು ಇಲ್ಲದಿದ್ದರೆ.

ಹಣವೇ ಹೋಗಿದ್ದರೆ ಕ್ರಮ ಬೇರೆ. ಆಗ ಯಂತ್ರವನ್ನು ಅಳಿಸಲು ಹೋಗದೆ, ಸಂಪರ್ಕ ಕಡಿದು, ಸಾಕ್ಷ್ಯಕ್ಕಾಗಿ ಹಾಗೆಯೇ ಬಿಟ್ಟು, ಮೊದಲು 1930ಕ್ಕೆ ಫೋನು ಮಾಡಬೇಕು. ಜೊತೆಗೇ ಬ್ಯಾಂಕಿಗೆ ತಿಳಿಸಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಯುವ ಅವಕಾಶವಿರುವುದು ಆರಂಭದ ಗಂಟೆಗಳಲ್ಲಿ. ಸೈಬರ್ ಅಪರಾಧಗಳಿಗಾಗಿ ಬೆಂಗಳೂರಿನಲ್ಲಿ ಪ್ರತ್ಯೇಕ ಪೊಲೀಸ್ ಠಾಣೆ 2001ರಲ್ಲಿಯೇ ಆಯಿತು. ಇಂದು ಗದಗಿನಲ್ಲಿಯೂ ಸಿಇಎನ್ ಠಾಣೆಯಿದೆ. ಆದರೆ ಲಕ್ಷ್ಮೇಶ್ವರದವರು ಬಸ್ಸು ಹಿಡಿದು ಅಲ್ಲಿಗೆ ತಲುಪುವವರೆಗೆ ಕಾಯಬೇಕಾಗಿಲ್ಲ. ಫೋನು ಮೊದಲು, ಠಾಣೆ ಅನಂತರ. ಬೇಗ ತಿಳಿಸಿದಷ್ಟೂ ಗ್ರಾಹಕನ ಹೊಣೆ ಕಡಿಮೆಯೆಂಬ ತತ್ವವನ್ನು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿಯೇ ಹಾಕಿಕೊಟ್ಟಿದೆ.

ಶುದ್ಧವಾದ ಯಂತ್ರವನ್ನು ಶುದ್ಧವಾಗಿಯೇ ಉಳಿಸಿಕೊಳ್ಳಲು ಕೆಲವು ನೇಮಗಳು ಸಾಕು. ಮಕ್ಕಳಿಗೆ ಸಾಮಾನ್ಯ ಖಾತೆಯನ್ನು ಮಾಡಿಕೊಟ್ಟು, ತಂತ್ರಾಂಶ ಹಾಕುವ ಅಧಿಕಾರವಿರುವ ಖಾತೆಯನ್ನು ಹಿರಿಯರು ಬೇರೆಯಾಗಿ ಇಟ್ಟುಕೊಳ್ಳಬೇಕು. ‘ಅಪ್‌ಡೇಟ್’ ಬಂದಾಗ ಮುಂದೂಡಬಾರದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದನ್ನು ಹಳೆಯ ಯಂತ್ರವುಳ್ಳವರು ಗಮನಿಸಬೇಕು. ‘ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ, ಈ ನಂಬರಿಗೆ ಕರೆ ಮಾಡಿ’ ಎಂದು ಪರದೆ ತುಂಬ ಕೆಂಪಕ್ಷರ ಬಂದರೆ ಅದು ವಂಚನೆಯೇ; ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರು ಇರುವುದಿಲ್ಲ. ನೆಟ್ ಸೆಂಟರಿನಲ್ಲಿ ಪರೀಕ್ಷೆಯ ಫಲಿತಾಂಶ ನೋಡಬಹುದು, ಬ್ಯಾಂಕು ತೆರೆಯಬಾರದು. ಫೋನಿಗೂ ಇದೇ ಎಚ್ಚರ ಬೇಕು: 2024ರಲ್ಲಿ ಮದುವೆಯ ಆಮಂತ್ರಣದ ವೇಷದಲ್ಲಿ ವಾಟ್ಸಾಪಿನಲ್ಲಿ ಕೇಡಿನ ತಂತ್ರಾಂಶ ಹರಿದಾಡಿ, ಪೊಲೀಸರು ಎಚ್ಚರಿಸಬೇಕಾಯಿತು. ಲಗ್ನಪತ್ರಿಕೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಹೆಸರಿನ ಕೊನೆಗೆ ‘ಎಪಿಕೆ’ ಎಂದಿದ್ದರೆ ಬೀಗರೇ ಕಳಿಸಿದ್ದರೂ ತೆರೆಯಬಾರದು.

ಇವೆಲ್ಲಕ್ಕಿಂತ ಮಿಗಿಲಾದ ಮಾತೊಂದಿದೆ. ಗೂಢಚಾರ ತಂತ್ರಾಂಶ ತಿಂಗಳುಗಟ್ಟಲೆ ಮನೆಯಲ್ಲಿ ಉಳಿಯುವುದು ಅದರ ಜಾಣತನವೊಂದರಿಂದಲೇ ಅಲ್ಲ. ನಮ್ಮ ಮನೆಗಳಲ್ಲಿರುವ ಭಯದಿಂದಲೂ ಅಹುದು. ಏನೋ ಒತ್ತಿದೆ, ಏನೋ ಆಯಿತು ಎಂದು ಹುಡುಗನಿಗೆ ಅಂದೇ ಗೊತ್ತಿರುತ್ತದೆ. ತಂದೆ ಬೈಯುತ್ತಾನೆಂದು ಬಾಯಿ ಮುಚ್ಚುತ್ತಾನೆ. ಓಟಿಪಿ ಹೇಳಿಬಿಟ್ಟ ಸೊಸೆ ಅತ್ತೆಗೆ ಅಂಜುತ್ತಾಳೆ. ಮೋಸಹೋದ ಅಜ್ಜ ಮಕ್ಕಳಿಗೆ ಅಂಜುತ್ತಾನೆ. ಹಣ ಉಳಿಸಬಹುದಾದ ಆ ಮೊದಲ ಗಂಟೆ ಈ ಅಂಜಿಕೆಯಲ್ಲಿಯೇ ಕಳೆದುಹೋಗುತ್ತದೆ. ಹೇಳಿಕೊಂಡವರನ್ನು ಬೈಯದ ಮನೆಯಲ್ಲಿ ಕಳ್ಳನಿಗೆ ಹೆಚ್ಚು ದಿನ ಜಾಗವಿರುವುದಿಲ್ಲ.

ಹಾಗೆಯೇ, ಹೆಂಡತಿಯ ಅಥವಾ ಬೆಳೆದ ಮಗಳ ಫೋನಿನಲ್ಲಿ ಗುಟ್ಟಾಗಿ ಇಂಥ ತಂತ್ರಾಂಶವನ್ನು ಹಾಕಿ ಕಾಯುವವರೂ ಉಂಟೆಂದು ಕೇಳುತ್ತೇವೆ. ಇನ್ನೊಬ್ಬರ ಸಾಧನಕ್ಕೆ ಅವರ ಅನುಮತಿಯಿಲ್ಲದೆ ದುರುದ್ದೇಶದಿಂದ ಇಂಥದನ್ನು ಸೇರಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಂತೆ 3 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡಕ್ಕೂ ಗುರಿಯಾಗುವ ಅಪರಾಧ. ಕಾಯ್ದೆಯ ಮಾತು ಹಾಗಿರಲಿ. ಹೊರಗಿನ ಗೂಢಚಾರನನ್ನು ಓಡಿಸಿ, ಒಳಗೆ ತಾನೇ ಗೂಢಚಾರನಾಗುವವನ ಮನೆಯಲ್ಲಿ ಯಾವ ಯಂತ್ರ ಶುದ್ಧವಾದರೇನು ಫಲ? ಮಕ್ಕಳಿಗೆ ಮಿತಿ ಹಾಕಬೇಕಾದರೆ ಅವರಿಗೆ ತಿಳಿಸಿಯೇ ಹಾಕೋಣ.

ಗಣಕಯಂತ್ರವನ್ನು ಕೋಣೆಯ ಮೂಲೆಯಿಂದ ಪಡಸಾಲೆಗೆ ತಂದಿಡಿ. ವಾರಕ್ಕೊಮ್ಮೆ ಮನೆಯವರೆಲ್ಲ ಕುಳಿತು ಅದರಲ್ಲಿ ಏನೇನಿದೆಯೆಂದು ನೋಡಿರಿ. 1930 ಎಂಬ ನಾಲ್ಕು ಅಂಕಿಗಳನ್ನು ಅದರ ಪಕ್ಕದ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.