ಬಿಡೋದಾದ್ರ ಚಹಾ ಬಿಡ್ರಿ, ನೀರಲ್ಲ

ನಮ್ಮ ಕಡೆ ಹೆಣ್ಮಕ್ಕಳಿಗೆ ಐವತ್ತು ದಾಟಿತಂದ್ರ ಊರಿಗೆ ಹೊರಡೋ ದಿವಸ ಎರಡು ಕೆಲಸ ಗ್ಯಾರಂಟಿ. ಒಂದು, ಬಾಗಲಾ ಹಾಕೋಕ್ಕಿಂತ ಮೊದಲ ಒಂದಕ್ಕ ಹೋಗಿ ಬರೋದು. ಎರಡನೇದು, ಮುಂಜಾನೆಯಿಂದ ನೀರು ಕುಡೀದ ಇರೋದು. ಮೊದಲನೇದಕ್ಕ ನನ್ನ ತಕರಾರಿಲ್ಲ. ಎರಡನೇದರ ಮ್ಯಾಲೆ ಇವತ್ತ ಸ್ವಲ್ಪ ಜಗಳಾನ ಮಾಡೋದದ.

ಮಾತು ನಾಚಿಕೀದು, ಖರೆ. ಕೆಮ್ಮಿದ್ರ, ಸೀನಿದ್ರ, ಜೋರಾಗಿ ನಕ್ರ ನಾಕು ಹನಿ ಸೋರತಾವ. ಇನ್ನ ಕೆಲವರಿಗೆ ಅವಸರ ಬಂತಂದ್ರ ಬಚ್ಚಲಾ ಮುಟ್ಟೋತನಕ ತಡಿಯಂಗಿಲ್ಲ. ಇವೆರಡೂ ಬ್ಯಾರೆ ಬ್ಯಾರೆ. ಮೊದಲನೇದ್ರಾಗ ಕೆಳಗಿನ ಸ್ನಾಯು ಸಡಿಲಾಗಿರತಾವ. ಎರಡನೇದ್ರಾಗ ಮೂತ್ರದ ಚೀಲ ತುಂಬೋಕ್ಕಿಂತ ಮೊದಲ ಹಿಂಡಲಿಕ್ಕೆ ಶುರು ಮಾಡ್ತದ. ಎಷ್ಟೋ ಮಂದಿಗೆ ಎರಡೂ ಕೂಡೇ ಇರತಾವ.

ನಮ್ಮ ಮೌಶಿಗೆ ಅರವತ್ನಾಲ್ಕು. ಹೋದ ವರ್ಷ ಬೆಳಗಾವ್ಯಾಗ ಒಂದು ಮುಂಜಿವಿ. ಹಿಂದಿನ ರಾತ್ರಿಯಿಂದ ನೀರು ಮುಟ್ಟಲಿಲ್ಲ. ಆದ್ರ ಹುಬ್ಬಳ್ಳಿ ಬಿಡೋ ಮೊದಲ ಒಂದು ಕಪ್ಪು ಚಹಾ, ಧಾರವಾಡದಾಗ ಮತ್ತೊಂದು. “ಚಹಾ ಏನ್ ನೀರೇನವಾ, ಎರಡು ಗುಟುಕು” ಅಂದ್ಲು. ಕಿತ್ತೂರು ದಾಟೋದ್ರಾಗ ಗಾಡಿ ನಿಲ್ಲಸ್ರಿ ಅನ್ನೋ ಪಾಳಿ ಬಂತು, ಅಷ್ಟ್ರಾಗ ಸೀರಿ ತೊಯ್ದಿತ್ತು. ಅದರ ಮುಂದಿನ ಮದುವಿಗೆ “ನೀವ ಹೋಗಿ ಬರ್ರಿ” ಅಂತ ಮನ್ಯಾಗ ಕೂತ್ಲು. ಬೀಗರೆಲ್ಲಾ ಆಕಿಗೆ ಮಂಡಿನೋವು ಅಂತ ತಿಳಕೊಂಡಾರ.

ನೀರು ಕಮ್ಮಿ ಕುಡದ್ರ ಒಂದಕ್ಕ ಕಮ್ಮಿ ಆಗ್ತದ ಅನ್ನೋದು ಲೆಕ್ಕಕ್ಕ ಸರಿ. ಆದ್ರ ಅದು ಕಡು ಹಳದಿಯಾಗಿ ಚೀಲಾನ್ನ ಒಳಗಿಂದ ಕೆಣಕತದ. 300-400 ಮಿಲಿ ಹಿಡಿಯೋ ಚೀಲ ಅರ್ಧಕ್ಕನ “ನಡಿ, ನಡಿ” ಅಂತದ. ಮ್ಯಾಲಿಂದ ಮಲ ಗಟ್ಟಿಯಾಗಿ ಮಗ್ಗಲದ ಚೀಲಕ್ಕ ಒತ್ತತದ, ತಿಣುಕಿ ತಿಣುಕಿ ಸ್ನಾಯು ಮತ್ತಷ್ಟು ಸಡಿಲ.

ಅದಕ್ಕ ಅನ್ನೋದು, ಬಿಡೋದಾದ್ರ ಚಹಾ ಬಿಡ್ರಿ. (ಇಲ್ಲಿಗೆ ಅರ್ಧಾ ಮಂದಿ ಓದೋದು ಬಿಟ್ಟಿರತೀರಿ, ಗೊತ್ತದ.) ಅದರೊಳಗಿನ ಕೆಫೀನು ಒಂದಕ್ಕನೂ ಹೆಚ್ಚು ಮಾಡ್ತದ, ಚೀಲಾನ್ನೂ ಅವಸರ ಮಾಡ್ತದ. ಕಾಫಿ, ಕೋಲಾನೂ ಅದ ಜಾತಿ. ಐದು ಕಪ್ಪು ಕುಡಿಯೋರು ಒಮ್ಮೆಲೆ ಬಿಟ್ರ ತಲಿಶೂಲಿ ಬರತದ. ವಾರಕ್ಕೊಂದು ಕಪ್ಪು ಇಳಸ್ರಿ, ಮೊದಲ ಸಂಜೀದು ಹೋಗಲಿ. ಖಾರ, ಹುಳಿ ಎಲ್ಲಾರಿಗೂ ತ್ರಾಸ ಕೊಡತಾವಂತಿಲ್ಲ. ಒಂದು ವಾರ ಬಿಟ್ಟು ನೋಡ್ರಿ, ಫರಕ್ ಕಾಣಲಿಲ್ಲಂದ್ರ ಸುಮ್ನ ತಿನ್ರಿ.

ನೀರು ದಿನಕ್ಕ ಒಂದೂವರಿಯಿಂದ ಎರಡು ಲೀಟರ್, ಒಮ್ಮೆಲೆ ತಂಬಗಿಗಟ್ಟಲೆ ಅಲ್ಲ, ಹಂಚಿ ಕುಡೀಬೇಕು. ಮಲಗೋ ಎರಡ್ಮೂರು ತಾಸು ಮೊದಲ ಕಮ್ಮಿ. ಹೃದಯ, ಕಿಡ್ನಿ ಬ್ಯಾನಿ ಇದ್ದವರು ಮಾತ್ರ ಡಾಕ್ಟರ್ ಹೇಳಿದಷ್ಟ. ಮಲ ಸಲೀಸಾಗಲಿಕ್ಕೆ ಪುಡಿ ಪಾಕೀಟು ಯಾಕ್ರಿ? ಜೋಳದ ರೊಟ್ಟಿ, ಮೆಂತ್ಯ ಪಲ್ಯ, ಮಡಕಿಕಾಳು ಮನ್ಯಾಗ ಇರತಾವ. ಆದ್ರ ಎಲ್ಲಾರಿಗೂ ಬಿಸಿ ರೊಟ್ಟಿ ಬಡದು ಹಾಕಿದಾಕಿ ಕಡೀಕ ಉಳದ ಅನ್ನಾ-ಸಾರು ಉಂಡು ಏಳತಾಳ, ಪಲ್ಯ ಅಷ್ಟೊತ್ತಿಗೆ ಮುಗದಿರತದ. ಪಲ್ಯದಾಗ ತನ್ನ ಪಾಲು ಮೊದಲ ತಗದಿಟ್ಕೊಳ್ಳೋದು ಸ್ವಾರ್ಥ ಅಲ್ಲವಾ ತಾಯಿ.

ಕೆಮ್ಮಿದಾಗ ಸೋರೋದಕ್ಕ ಊಟದ ಪಥ್ಯ ಒಂದ ಸಾಲಂಗಿಲ್ಲ. ತೂಕ ಹೆಚ್ಚಿದ್ರ ಇಳಸೋದು ಉಪಯೋಗ. ಮತ್ತ 1948ರಾಗ ಅಮೆರಿಕಾದ ಕೆಗೆಲ್ ಅನ್ನೋ ಡಾಕ್ಟರು ಬರದಿಟ್ಟ ವ್ಯಾಯಾಮ ಅದ: ಗಾಳಿ ತಡದಂಗ ಕೆಳಗಿನ ಸ್ನಾಯು ಬಿಗಿ ಹಿಡಿಯೋದು, ಬಿಡೋದು. ಹೊತ್ತಿಗೆ 8 ಸಲ, ದಿನಾ 3 ಹೊತ್ತು, 3 ತಿಂಗಳಾದ್ರೂ ಬಿಡಬಾರದು. ಧಾರಾವಾಹಿ ನೋಡಕೋತ ಮಾಡಿದ್ರ ಮಗ್ಗಲದವರಿಗೂ ಗೊತ್ತಾಗಂಗಿಲ್ಲ.

“ವಯಸ್ಸಾತು, ಇದೆಲ್ಲಾ ಇರೋದ” ಅಂತ ಗಂಡಸರು ಅಂದ್ರ ಕಿವಿಗೆ ಹಾಕ್ಕೋಬ್ಯಾಡ್ರಿ. ಉರಿ, ರಕ್ತ ಕಂಡ್ರ, ಇದ್ದಕ್ಕಿದ್ದಂಗ ಶುರುವಾದ್ರ ಪಥ್ಯದ ಮಾತು ಬಿಟ್ಟು ಮೊದಲ ಡಾಕ್ಟರ್. ಸಕ್ಕರಿ ಬ್ಯಾನಿನೂ ಹಿಂಗ ಓಡಾಡಸತದ. ಹೋಗೋವಾಗ 3 ದಿವಸದ ಚೀಟಿ ಬರಕೊಂಡು ಒಯ್ಯರಿ: ಎಷ್ಟೊತ್ತಿಗೆ ಏನು ಕುಡದ್ರಿ, ಎಷ್ಟೊತ್ತಿಗೆ ಹೋದ್ರಿ, ಯಾವಾಗ ಸೋರಿತು. ಬಾಯಿಲೆ ಹೇಳಲಿಕ್ಕೆ ನಾಚಿಕಿ ಬಂದ್ರ ಚೀಟಿ ಮುಂದ ಇಟ್ರ ಸಾಕು.