ಯಾಕೆ ಬದಲಾಯಿಸಿದಿರಿ ಅಂತ ಬರೆಯಿರಿ

ನಮ್ಮೂರು ಚಿಗಟೇರಿ ಇರುವ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿ ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಸಂವಿಧಾನದ 371ಜೆ ವಿಧಿಯ ಸೌಲಭ್ಯಕ್ಕಾಗಿ ಹೋರಾಟ ನಡೆದು 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಊರಿನವರಿಗೆ ಇದರ ಕಾರಣಗಳೆಲ್ಲ ಬಾಯಿಪಾಠ. ಕಂಪ್ಯೂಟರಿಗೆ ಮಾತ್ರ ಯಾರಾದರೂ ಬರೆದಿಟ್ಟರಷ್ಟೇ ಗೊತ್ತು.

ಬೆಂಗಳೂರಿನಲ್ಲಿ ನನ್ನ ಕೆಲಸ ಬಿಲ್ಲಿಂಗ್ ಸಾಫ್ಟ್‌ವೇರಿನ ಕೋಡ್ ರಿವ್ಯೂ. ಬೇರೆಯವರು ಬರೆದದ್ದನ್ನು ಗ್ರಾಹಕರಿಗೆ ತಲುಪುವ ಮೊದಲು ಓದಿ ಒಪ್ಪಿಗೆ ಕೊಡಬೇಕು. ಪ್ರತಿ ಬದಲಾವಣೆಯ ಜೊತೆ ಒಂದು ಟಿಪ್ಪಣಿ ಇರುತ್ತದೆ. ಅದೇ ಕಮಿಟ್ ಮೆಸೇಜ್. ಹೆಚ್ಚಿನವರು ಅಲ್ಲಿ ‘ಅಪ್‌ಡೇಟ್’, ‘ಫಿಕ್ಸ್’ ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ.

ಈಚೆಗೆ ಒಬ್ಬ ಹುಡುಗ ಹಳೆ ಫೈಲಿನ ನಾಲ್ಕು ಸಾಲು ಅಳಿಸಿ ರಿವ್ಯೂಗೆ ಕಳಿಸಿದ. ಬಿಲ್ಲಿನ ದಿನಾಂಕ ನೋಡಿ ಹರಪನಹಳ್ಳಿಗೆ ಬೇರೆ ಬೇರೆ ಜಿಲ್ಲೆಯ ಹೆಸರು ಹಾಕುವ ಸಾಲುಗಳವು. ಮೂಲ ಕಮಿಟ್‌ನಲ್ಲಿ ಇದ್ದದ್ದು ‘ಹರಪನಹಳ್ಳಿ ಚೇಂಜ್’ ಅಂತ ಮಾತ್ರ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ‘ಬ್ಲೇಮ್’ ಹಾಕಿದರೆ ಬರೆದವರ ಹೆಸರು, ತಾರೀಖು ಸಿಕ್ಕಿತು. ಅವರು ಕೆಲಸ ಬಿಟ್ಟು ಯಾವ ಕಾಲವಾಗಿತ್ತೋ. ಅರ್ಧ ದಿನ ಹಳೆ ಮೇಲ್‌ಗಳನ್ನು ಜಾಲಾಡಿ ಕಾರಣ ಪತ್ತೆ ಮಾಡಿದೆವು. ಸಾಲುಗಳನ್ನು ಮತ್ತೆ ಸೇರಿಸಿ, ಹುಡುಗನ ಕೈಯಲ್ಲಿ ಹೀಗೆ ಬರೆಸಿದೆ:

‘ಹರಪನಹಳ್ಳಿ: ಹಳೆ ಬಿಲ್‌ಗಳಲ್ಲಿ ಆಗಿನ ಜಿಲ್ಲೆಯನ್ನೇ ಉಳಿಸು. ತಾಲ್ಲೂಕಿನ ಜಿಲ್ಲೆ 2018ರಲ್ಲಿ, 2021ರಲ್ಲಿ ಬದಲಾಗಿದೆ. ಹಳೆ ಬಿಲ್ ಮರುಮುದ್ರಿಸಿದರೆ ಆಡಿಟ್‌ನಲ್ಲಿ ಮೂಲ ಪ್ರತಿಯೊಂದಿಗೆ ತಾಳೆ ನೋಡುತ್ತಾರೆ. ಈ ಷರತ್ತು ತೆಗೆದರೆ ಎರಡೂ ಹೊಂದುವುದಿಲ್ಲ.’

ಏನು ಬದಲಾಯಿತು ಎಂಬುದನ್ನು ಕೋಡೇ ಹೇಳುತ್ತದೆ. ಯಾಕೆ ಎಂಬುದು ಬರೆದವನ ತಲೆಯಲ್ಲಿರುತ್ತದೆ, ಅವನ ಜೊತೆಗೇ ಹೋಗುತ್ತದೆ. ನಮ್ಮ ರೈತರು ಇದನ್ನು ಚೆನ್ನಾಗಿ ಬಲ್ಲರು: ಪಹಣಿಯಲ್ಲಿ ಹೆಸರು ಬದಲಾದರೆ ಪಕ್ಕದಲ್ಲಿರುವ ಮ್ಯುಟೇಶನ್ ನಂಬರ್ ಹಿಡಿದು ಹೋಗಿ, ಅದು ಪೌತಿಯೋ ಕ್ರಯವೋ ವಿಭಾಗವೋ ತಿಳಿದುಕೊಳ್ಳುತ್ತಾರೆ.

ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ಬರೆದದ್ದು ಲಿನಕ್ಸ್ ಕರ್ನಲ್‌ನ ಕೆಲಸಕ್ಕೆ. ಅಲ್ಲಿ ಒಂದು ಸಾಲಿನ ಬದಲಾವಣೆಗೂ ಎರಡು ಮೂರು ಪ್ಯಾರಾ ವಿವರಣೆ ಸಾಮಾನ್ಯ. ಹಿಂದಿನ ಕಮಿಟ್‌ನಿಂದ ಬಂದ ದೋಷ ಸರಿಪಡಿಸಿದರೆ ‘ಫಿಕ್ಸಸ್’ ಎಂದು ಬರೆದು, ಆ ಕಮಿಟ್‌ನ ಗುರುತಿನ ಮೊದಲ 12 ಅಕ್ಷರಗಳನ್ನೂ ಶೀರ್ಷಿಕೆಯನ್ನೂ ಕೊಡಬೇಕು. ಮುಖ ನೋಡದ ಸಾವಿರಾರು ಜನ ಒಂದೇ ಕೋಡ್ ಮೇಲೆ ಕೂತಿರುವಾಗ ಬೇರೆ ದಾರಿಯಿಲ್ಲ.

ಹೀಗೆ ಬರೆಯಿರಿ ಅಂದರೆ ಹುಡುಗರು ‘ಟೈಮಿಲ್ಲ ಸರ್’ ಅನ್ನುತ್ತಾರೆ. ಆದರೆ ಕಾರಣ ಬರೆಯಲು ಕೂತರೆ ಎಷ್ಟೋ ಸಲ ಒಂದೇ ಕಮಿಟ್‌ನಲ್ಲಿ ಸಂಬಂಧವಿಲ್ಲದ ಎರಡು ಬದಲಾವಣೆ ಸೇರಿಕೊಂಡಿರುವುದು ಬರೆಯುವವರಿಗೇ ಹೊಳೆಯುತ್ತದೆ. ಬೇರೆ ಮಾಡಿ ಕಳಿಸಿದರೆ ರಿವ್ಯೂ ಬೇಗ ಮುಗಿಯುತ್ತದೆ. ಒಂದು ಕೆಟ್ಟರೆ ಅದನ್ನಷ್ಟೇ ಹಿಂತೆಗೆಯಬಹುದು. ಇನ್ನು ನಮ್ಮ ಕಡೆಯ ಎಷ್ಟೋ ಹುಡುಗ ಹುಡುಗಿಯರು ಇಂಗ್ಲಿಷಿಗೆ ಅಂಜಿ ಒಂದೇ ಪದದಲ್ಲಿ ಮುಗಿಸುತ್ತಾರೆ. ಟೀಮಿನಲ್ಲಿ ಎಲ್ಲರಿಗೂ ಕನ್ನಡ ಬಂದರೆ ಕನ್ನಡದಲ್ಲೇ ಬರೆಯಿರಿ. ಗಿಟ್ ಕನ್ನಡ ಲಿಪಿಯನ್ನು ಚೆನ್ನಾಗಿಯೇ ಉಳಿಸಿಕೊಳ್ಳುತ್ತದೆ.

ಕಾರಣ ಬರೆಯುವುದನ್ನು ಕಾಲೇಜಿನಲ್ಲೇ ಕಲಿಸಬೇಕು. ವಿಟಿಯು ಕಾಲೇಜುಗಳಲ್ಲಿ ಕೊನೆ ವರ್ಷದ ಪ್ರಾಜೆಕ್ಟಿಗೆ ರಿಪೋರ್ಟ್ ನೋಡುತ್ತಾರೆ, ವೈವಾ ಮಾಡುತ್ತಾರೆ. ಅದರ ಜೊತೆಗೆ ಪ್ರಾಜೆಕ್ಟಿನ ಗಿಟ್ ಲಾಗ್ ತೆರೆಸಿ, ಯಾವುದಾದರೂ ಹಳೆ ಕಮಿಟ್ ತೋರಿಸಿ, ತಂಡದಲ್ಲಿ ಅದನ್ನು ಬರೆಯದಿದ್ದವರನ್ನು ‘ಇದು ಯಾಕೆ?’ ಅಂತ ಕೇಳಲಿ. ಮೆಸೇಜ್ ಓದಿ ಉತ್ತರ ಹೇಳಬಲ್ಲವರಿಗೆ ಅಂಕ ಕೊಡಲಿ.